ಹ್ಯಾನ್‌ಫರ್ಡ್‌ನ ಪ್ಲುಟೋನಿಯಂ ಕಟ್ಟಡ: ಒಳಗೆ ಗಟ್ಟಿಯಾಗಿದ್ದ ರಕ್ಷಣೆ ಹೊರಗೆ ಬಂದ್ಮೇಲೆ ಯಾಕೆ ಸಡಿಲಾಯ್ತು

2017ರ ಡಿಸೆಂಬರ್ ಮಧ್ಯಭಾಗ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ, ಹಳೇ ಪ್ಲುಟೋನಿಯಂ ಕಟ್ಟಡ ಕೆಡವ್ತಿದ್ದ ಜಾಗದ ಹತ್ರ, ಗಾಡಿಗಳನ್ನ ಒಂದೊಂದಾಗಿ ನಿಲ್ಲಿಸಿ ಮೀಟರ್ ಹಿಡಿದು ಚೆಕ್ ಮಾಡೋಕೆ ಶುರು ಮಾಡಿದ್ರು. ಕೆಲವು ಗಾಡಿಗಳ ಮೇಲೆ ವಿಕಿರಣ ಇರೋ ಧೂಳಿನ ಕಣ ಸಿಕ್ತು. ಆಫೀಸಿನ ಗಾಡಿಗಳ ಜೊತೆಗೆ ಕೆಲಸಗಾರರ ಸ್ವಂತ ಕಾರುಗಳೂ ಅದ್ರಲ್ಲಿದ್ವು, ಅಂದ್ರೆ ದಿನಾ ಸಂಜೆ ಮನೆ ಬಾಗಿಲಿಗೆ ಹೋಗಿ ನಿಲ್ಲೋ, ಮಕ್ಕಳು ಹತ್ತಿ ಇಳಿಯೋ ಕಾರುಗಳು. ಆಮೇಲೆ ಕೆಲವರ ಮನೆಗಳಿಗೂ ಹೋಗಿ ಚೆಕ್ ಮಾಡಿದ್ರು, ಮನೆಗಳಲ್ಲಿ ಏನೂ ಸಿಗಲಿಲ್ಲ.

ನಾನು ಈ ಕೇಸನ್ನ ಪೂರ್ತಿ ಬಿಡಿಸಿ ಬರೀಬೇಕು ಅಂತ ಕೂತಿರೋದಕ್ಕೆ ಒಂದೇ ಕಾರಣ. ಇದೇ ಕಟ್ಟಡದ ಒಳಗೆ, ಇದೇ ಕೆಲಸಗಾರರು, ಇದಕ್ಕಿಂತ ಎಷ್ಟೋ ಭಯಂಕರವಾದ ಒಂದು ರೂಮನ್ನ ಬಿಚ್ಚಿ, ಕತ್ತರಿಸಿ, ಪ್ಯಾಕ್ ಮಾಡಿ ದೊಡ್ಡ ಅನಾಹುತ ಇಲ್ದೆ ಮುಗಿಸಿದ್ರು. ಕೆಟ್ಟದ್ದು ಅಲ್ಲಿ ಆಗಲಿಲ್ಲ, ಆದದ್ದು ಆಮೇಲೆ, "ಇನ್ನೇನು ಗೋಡೆ ಒಡೆಯೋದಷ್ಟೇ ಬಾಕಿ" ಅನ್ನೋ ಹಂತದಲ್ಲಿ. ಒಳಗೆ ಮೈಯೆಲ್ಲ ಕಣ್ಣಾಗಿದ್ದ ವ್ಯವಸ್ಥೆ ಹೊರಗೆ ಯಾಕೆ ಸಡಿಲಾಯ್ತು ಅನ್ನೋದೇ ಈ ಪ್ರಕರಣ.

ಹಿನ್ನೆಲೆ ಸ್ವಲ್ಪ ಬೇಕು. ಹ್ಯಾನ್‌ಫರ್ಡ್ ಅಂದ್ರೆ ಕೊಲಂಬಿಯಾ ನದಿ ದಡದಲ್ಲಿ 1943ರಲ್ಲಿ ಅಣುಬಾಂಬ್ ಮಾಡೋ ಮ್ಯಾನ್‌ಹಟನ್ ಪ್ರಾಜೆಕ್ಟ್‌ಗೋಸ್ಕರ ಶುರುವಾದ ಜಾಗ, ನಾಗಸಾಕಿ ಮೇಲೆ ಹಾಕಿದ ಬಾಂಬಿನ ಪ್ಲುಟೋನಿಯಂ ಬಂದದ್ದು ಇಲ್ಲಿಂದಾನೇ. ಅಲ್ಲಿ 1949ರಲ್ಲಿ ಕೆಲಸ ಶುರು ಮಾಡಿದ್ದು ಪ್ಲುಟೋನಿಯಂ ಫಿನಿಶಿಂಗ್ ಪ್ಲಾಂಟ್. ರಿಯಾಕ್ಟರಿಂದ ಬಂದ ಸರಕು ಬೇರೆ ಕಡೆ ಸಂಸ್ಕರಣೆಯಾಗಿ ದ್ರವರೂಪದಲ್ಲಿ ಇಲ್ಲಿಗೆ ಬರ್ತಿತ್ತು, ಇಲ್ಲಿ ಅದನ್ನ ಅಂಗೈಯಗಲದ ಲೋಹದ ಬಿಲ್ಲೆಗಳನ್ನಾಗಿ ಮಾಡ್ತಿದ್ರು. ಶೀತಲ ಸಮರದ ಕಾಲದಲ್ಲಿ ಅಮೆರಿಕ ತಯಾರಿಸಿದ ಪ್ಲುಟೋನಿಯಂನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಭಾಗ ಈ ಒಂದು ಪ್ಲಾಂಟಿಂದ ಹೊರಗೆ ಹೋಗಿದೆ. 1989ರಲ್ಲಿ ನಿಲ್ಲಿಸಿದ್ರು. ನಿಲ್ಲಿಸಿದ್ರೂ ಒಳಗೆ 200ಕ್ಕೂ ಹೆಚ್ಚು ಗ್ಲೋವ್ ಬಾಕ್ಸ್‌ಗಳು, ಮೈಲುಗಟ್ಟಲೆ ಪೈಪು, ಗಾಳಿ ಎಳೆಯೋ ಡಕ್ಟು, ಎಲ್ಲದರ ಒಳಮೈಗೂ ಅಂಟಿಕೊಂಡ ಪುಡಿ ಹಾಗೇ ಉಳಿದಿತ್ತು.

ಗ್ಲೋವ್ ಬಾಕ್ಸ್ ಅಂದ್ರೆ ಗೊತ್ತಿಲ್ಲದೋರಿಗೆ: ಸ್ಟೀಲಿನ ಒಂದು ದೊಡ್ಡ ಪೆಟ್ಟಿಗೆ, ಎದುರಿಗೆ ದಪ್ಪ ಗಾಜು, ಗಾಜಿನ ಕೆಳಗೆ ಎರಡು ತೂತು, ತೂತಿಗೆ ಬಿಗಿದ ಉದ್ದನೆ ರಬ್ಬರ್ ಗ್ಲೌಸ್. ಕೆಲಸಗಾರ ಹೊರಗೆ ನಿಂತು ಕೈ ಒಳಗೆ ಹಾಕಿ ಕೆಲಸ ಮಾಡ್ತಾನೆ. ಒಳಗಿನ ಗಾಳಿ ಒತ್ತಡ ಹೊರಗಿಗಿಂತ ಕಮ್ಮಿ ಇಟ್ಟಿರ್ತಾರೆ, ಹಾಗಾಗಿ ಸಣ್ಣ ಸೀಳು ಬಿದ್ರೂ ಗಾಳಿ ಒಳಕ್ಕೆ ಹೋಗತ್ತೆ ಹೊರತು ಧೂಳು ಹೊರಗೆ ಬರಲ್ಲ. ಈ ಒಂದು ಮಾತನ್ನ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಇಡೀ ಕಥೆ ಇದರ ಸುತ್ತಾನೇ ತಿರುಗತ್ತೆ.

ಪ್ಲುಟೋನಿಯಂ 239, ಅದರ ಜೊತೆಗೇ ಸಿಗೋ ಅಮೆರಿಸಿಯಂ 241 ಅನ್ನೋ ಇನ್ನೊಂದು ವಿಕಿರಣ ಲೋಹ, ಎರಡೂ ಆಲ್ಫಾ ಕಣ ಉಗುಳ್ತವೆ. ಆಲ್ಫಾನ ಒಂದು ಹಾಳೆ ಕಾಗದ ತಡೆಯತ್ತೆ, ಚರ್ಮದ ಮೇಲಿನ ಸತ್ತ ಪದರ ತಡೆಯತ್ತೆ, ಹಾಗಾಗಿ ಹೊರಗಿದ್ರೆ ಅಷ್ಟು ತೊಂದರೆ ಇಲ್ಲ (ಅಮೆರಿಸಿಯಂ ಜೊತೆಗೆ ಒಂದಿಷ್ಟು ಗಾಮಾ ಕಿರಣಾನೂ ಬಿಡತ್ತೆ, ಅದು ಬೇರೆ ಲೆಕ್ಕ). ಆದ್ರೆ ಉಸಿರಲ್ಲಿ ಒಳಗೆ ಹೋಯ್ತೋ, ಗಾಯದ ಮೂಲಕ ರಕ್ತಕ್ಕೆ ಸೇರ್ತೋ, ಶ್ವಾಸಕೋಶದಲ್ಲಿ, ಲಿವರಲ್ಲಿ, ಮೂಳೆಯಲ್ಲಿ ಕೂತುಬಿಡತ್ತೆ, ದಶಕಗಟ್ಟಲೆ ಅಲ್ಲೇ ಇರತ್ತೆ. ಪ್ಲುಟೋನಿಯಂ 239 ಅರ್ಧಕ್ಕೆ ಇಳಿಯೋಕೆ ಸುಮಾರು 24,100 ವರ್ಷ ಬೇಕು. ಇಂಥ ಕಡೆ ಕೆಲಸಗಾರನನ್ನ ಕಾಪಾಡೋದು ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಧೂಳಿನ ವಿಷಯ, ಧೂಳು ಅವನ ಮೂಗಿಗೆ, ಬಾಯಿಗೆ, ಗಾಯಕ್ಕೆ ತಲುಪದ ಹಾಗೆ ನೋಡ್ಕೊಳ್ಳೋದು.

ಈಗ ಆ ಭಯಂಕರ ರೂಮಿಗೆ ಬರ್ತೀನಿ. 1976ರ ಆಗಸ್ಟ್ 30ರಂದು ಈ ಪ್ಲಾಂಟಿನ ಅಮೆರಿಸಿಯಂ ಬೇರ್ಪಡಿಸೋ ವಿಭಾಗದಲ್ಲಿ ಹೆರಾಲ್ಡ್ ಮೆಕ್ಲಸ್ಕಿ ಅನ್ನೋ 64 ವರ್ಷದ ಆಪರೇಟರ್ ಒಂದು ಗ್ಲೋವ್ ಬಾಕ್ಸ್ ಮುಂದೆ ಕೆಲಸ ಮಾಡ್ತಿದ್ರು. ಒಳಗೆ ಅಮೆರಿಸಿಯಂ ಹಿಡಿದಿಟ್ಟುಕೊಂಡ ರಾಳದ ಒಂದು ಕಾಲಂ ಇತ್ತು, ಮುಷ್ಕರದಿಂದ ಪ್ಲಾಂಟ್ ತಿಂಗಳುಗಟ್ಟಲೆ ನಿಂತಿದ್ರಿಂದ ಅದು ಹಾಗೇ ಬಿದ್ದಿತ್ತು, ವಿಕಿರಣಕ್ಕೆ ರಾಳ ಒಳಗೊಳಗೇ ಹಾಳಾಗಿತ್ತು. ಅದಕ್ಕೆ ನೈಟ್ರಿಕ್ ಆಸಿಡ್ ಬಿಟ್ಟಾಗ ಸಿಡಿಯಿತು. ಗಾಜು ಒಡೆದು ಆಸಿಡ್, ಗಾಜಿನ ಚೂರು, ಅಮೆರಿಸಿಯಂ ಎಲ್ಲ ಒಟ್ಟಿಗೆ ಮುಖಕ್ಕೆ ಬಡೀತು. ಕೆಲಸಗಾರರಿಗೆ ಇಟ್ಟಿದ್ದ ಮಿತಿಯ ಸುಮಾರು 500 ಪಟ್ಟು ಅವರ ಮೈ ಸೇರಿತ್ತು. ಅಮೆರಿಸಿಯಂನ ಹಿಡಿದು ಮೂತ್ರದಲ್ಲಿ ಹೊರಗೆ ಹಾಕೋ ಡಿಟಿಪಿಎ ಅನ್ನೋ ಔಷಧಿನ ವರ್ಷಗಟ್ಟಲೆ ಕೊಟ್ಟರು. ಆಮೇಲೆ 11 ವರ್ಷ ಬದುಕಿ 1987ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ್ರು. ಆ ರೂಮಿಗೆ ಮೆಕ್ಲಸ್ಕಿ ರೂಮ್ ಅಂತಾನೇ ಹೆಸರು ಬಿತ್ತು, ಬಹುಪಾಲು ಮುಚ್ಚೇ ಇಟ್ಟಿದ್ರು. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ ಮೂರು ದಶಕಕ್ಕೂ ಹೆಚ್ಚು ಕಾಲ.

2014ರಲ್ಲಿ ಅದನ್ನ ಖಾಲಿ ಮಾಡೋಕೆ ಜನ ಒಳಗೆ ಹೋದ್ರು. ಇಲ್ಲಿ ಮಾಡಿದ ತಯಾರಿ ನೋಡಿ. ಸಾಮಾನ್ಯ ಫಿಲ್ಟರ್ ಮಾಸ್ಕ್ ಸಾಲಲ್ಲ ಅಂತ ಹೊರಗಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರೋ ಸೂಟ್ ಕೊಟ್ಟರು, ಅದೇ ಗಾಳಿ ಉಸಿರಾಟಕ್ಕೂ ಆಯ್ತು, ಮೈ ತಂಪಾಗಿಡೋಕೂ ಆಯ್ತು. ಸೂಟಿನ ಬಟ್ಟೆ ಉಜ್ಜಿದ್ರೂ ಸುಲಭಕ್ಕೆ ಹರಿಯದಂಥದ್ದು. ಮಾಸ್ಕ್‌ಗಳ ಲೆಕ್ಕ ಅಮೆರಿಕದಲ್ಲಿ ಹೀಗಿದೆ: ಮೂಗು ಬಾಯಿ ಮಾತ್ರ ಮುಚ್ಚೋ ಅರ್ಧ ಮಾಸ್ಕ್ ಒಳಗಿನ ಧೂಳನ್ನ 10ರಲ್ಲಿ ಒಂದು ಪಾಲಿಗೆ ಇಳಿಸತ್ತೆ ಅಂತ ಲೆಕ್ಕ, ಪೂರ್ತಿ ಮುಖದ ಮಾಸ್ಕ್‌ಗೆ 50, ಪೂರ್ತಿ ಮುಖಕ್ಕೆ ನಿರಂತರ ಗಾಳಿ ಒತ್ತಿ ಕಳಿಸೋ ವ್ಯವಸ್ಥೆಗೆ 1,000. ಗಡ್ಡ ಬಿಟ್ಟಿದ್ರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಲ್ಲ, ಆವಾಗ ಈ ಅಂಕಿ ಎಲ್ಲ ಕಾಗದದ ಮೇಲಷ್ಟೇ.

ತಂಪಿನ ವಿಷಯ ಸಣ್ಣದು ಅಂತ ತಿಳ್ಕೋಬೇಡಿ. ಮೂರು ಪದರ ಬಟ್ಟೆ, ಎರಡು ಮೂರು ಜೊತೆ ಗ್ಲೌಸ್, ಎಲ್ಲ ಸಂದಿಗೂ ಟೇಪ್, ಕೈಯಲ್ಲಿ ಸ್ಟೀಲ್ ಕೊಯ್ಯೋ ಗರಗಸ, ಅರ್ಧ ಗಂಟೇಲಿ ಬೆವರು ಕಣ್ಣಿಗೆ ಇಳಿಯತ್ತೆ, ಕಣ್ಣು ಒರೆಸಿಕೊಳ್ಳೋ ಹಾಗಿಲ್ಲ, ತಲೆ ಸುತ್ತಿ ಬಿದ್ರೆ ಬೀಳೋದು ಕೊಯ್ದ ಲೋಹದ ಅಂಚಿನ ಮೇಲೆ. ಅಂಥ ಗಾಯ ಆದ್ರೆ ಸೂಟೂ ಹೋಯ್ತು, ಚರ್ಮಾನೂ ಹೋಯ್ತು, ಆಲ್ಫಾ ನೇರ ಒಳಗೆ. ಅದಕ್ಕೆ ಸೆಖೆ, ಸುಸ್ತು, ನೀರು ಕುಡಿಯದೇ ಇರೋದು ಇವೆಲ್ಲ ರೇಡಿಯೇಶನ್ ರಕ್ಷಣೆಯ ಲೆಕ್ಕಕ್ಕೇ ಸೇರತ್ತೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಒಳಗೆ ಇಷ್ಟೇ ಹೊತ್ತು ಇರಬೇಕು ಅಂತ ಮೊದಲೇ ಗೆರೆ ಹಾಕಿ, ಹೊರಗೆ ಒಬ್ಬ ಗಡಿಯಾರ ನೋಡ್ತಾ ಕೂರೋದು ಅದಕ್ಕೇ.

ಬಿಚ್ಚೋ ಕೆಲಸದ ಕ್ರಮಾನೂ ಹೇಳ್ಬೇಕು. ಗ್ಲೋವ್ ಬಾಕ್ಸ್ ಒಳಗಿನ ಧೂಳನ್ನ ಮೊದಲು ಒರೆಸಿ ತೆಗೀತಾರೆ, ಒರೆಸಿದ್ರೂ ಬಿಡದ್ದನ್ನ ಪೇಂಟಿನಂಥ ಅಂಟು ದ್ರವ ಹೊಡೆದು ಅಲ್ಲೇ ಕಚ್ಚಿಸಿಬಿಡ್ತಾರೆ, ಆಮೇಲೆ ಪೈಪು ಕತ್ತರಿಸೋದು. ಪೈಪಿಗೆ ದಪ್ಪ ಪ್ಲಾಸ್ಟಿಕ್ ತೋಳು ಸುತ್ತಿ, ಪ್ಲಾಸ್ಟಿಕ್ ಒಳಗೇ ಕತ್ತರಿಸಿ, ಎರಡು ಕಡೆ ಬಿಗಿದು ಸೀಲ್ ಮಾಡಿ ಆಮೇಲೆ ಬೇರ್ಪಡಿಸ್ತಾರೆ, ಹೀಗೆ ಮಾಡಿದ್ರೆ ತೆರೆದ ಬಾಯಿ ಅನ್ನೋದು ಒಂದು ಕ್ಷಣಕ್ಕೂ ಇರಲ್ಲ. ಪಕ್ಕದಲ್ಲೇ ಅತಿ ಸಣ್ಣ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ಬ್ಲೋವರ್ ಗಾಳಿ ಎಳೀತಾ ಇರತ್ತೆ. ಕಿಡಿ ಹಾರಿಸೋ ಗ್ರೈಂಡರ್‌ಗಿಂತ ಪುಡಿ ಬೀಳಿಸದೆ ಕೊಯ್ಯೋ ಸಾಧನ ಒಳ್ಳೇದು, ನಿಧಾನ ಆದ್ರೂ ಪರವಾಗಿಲ್ಲ.

ಇಷ್ಟೆಲ್ಲ ಆದ್ಮೇಲೆ ನಿಜವಾಗ್ಲೂ ಕಷ್ಟದ ಕೆಲಸ ಅಂದ್ರೆ ಸೂಟ್ ಕಳಚೋದು. ಒಳಗೆ ಹೋಗೋವಾಗ ಎಲ್ಲರೂ ಹುಷಾರು, ಹೊರಗೆ ಬರೋವಾಗ ಸುಸ್ತು, ಹಸಿವು, ಬಾತ್‌ರೂಮಿಗೆ ಹೋಗೋ ಅವಸರ. ಪಕ್ಕದಲ್ಲಿ ನಿಂತ ಸಹಾಯಕ ಸೂಟನ್ನ ಹಿಂದಿನಿಂದ ಕತ್ತರಿಸಿ, ಹೊರಮೈ ಒಳಗಾಗೋ ಹಾಗೆ ಸುರುಳಿ ಸುತ್ತುತ್ತಾ ಇಳಿಸ್ತಾನೆ, ಸೂಟಲ್ಲಿದ್ದವನು ತಾನಾಗಿ ಏನನ್ನೂ ಮುಟ್ಟೋ ಹಾಗಿಲ್ಲ. ಮಾಸ್ಕ್ ಕೊನೇಲಿ. ಆಮೇಲೆ ಒಂದೊಂದೇ ಕಾಲನ್ನ ಕ್ಲೀನ್ ಇರೋ ಮ್ಯಾಟ್ ಮೇಲೆ ಇಡೋದು, ಇಡೋಕೆ ಮೊದಲು ಪಾದದ ತಳ ಚೆಕ್. ಆಲ್ಫಾ ಮೀಟರಿನ ಮುಖವನ್ನ ಬಟ್ಟೆಯಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ಹಿಡಿದು, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಸರಿಸಬೇಕು, ತಲೆಯಿಂದ ಪಾದದವರೆಗೆ. ಸ್ವಲ್ಪ ಜೋರಾಗಿ ಸರಿಸಿದ್ರೂ ಕಣ ತಪ್ಪಿಹೋಗತ್ತೆ, ಎರಡು ಇಂಚು ದೂರ ಹಿಡಿದ್ರೆ ಆಲ್ಫಾ ಮೀಟರಿಗೆ ತಲುಪೋದೇ ಇಲ್ಲ, ಮೀಟರ್ ಸೊನ್ನೆ ತೋರಿಸತ್ತೆ, ಮನುಷ್ಯ ಕ್ಲೀನ್ ಅಂತ ಕಳಿಸ್ತಾರೆ. ಈ ಐದತ್ತು ನಿಮಿಷದ ತಾಳ್ಮೆನೇ ಒಳಗಿನ ರಕ್ಷಣೆಯ ಬೆನ್ನೆಲುಬು.

ಹೀಗೆ ಮೆಕ್ಲಸ್ಕಿ ರೂಮ್ ಖಾಲಿ ಆಯ್ತು, ಗ್ಲೋವ್ ಬಾಕ್ಸ್‌ಗಳು ಹೋದ್ವು. 2016ರ ನವೆಂಬರಲ್ಲಿ ಕಟ್ಟಡವನ್ನೇ ಕೆಡವೋ ಕೆಲಸ ಶುರುವಾಯ್ತು, ಮೊದಲು ಕೈ ಹಾಕಿದ್ದು ಪ್ಲುಟೋನಿಯಂ ಮರುಪಡೆಯೋ ಘಟಕಕ್ಕೆ. ಬಯಲಲ್ಲಿ ಕೆಡವೋದು, ಮೇಲೆ ಟೆಂಟ್ ಇಲ್ಲ, ಸುತ್ತ ಗೋಡೆ ಇಲ್ಲ. ಉದ್ದ ಕೈಯ ದೊಡ್ಡ ಮಷಿನ್ನು ಕತ್ತರಿಯಂಥ ದವಡೆಯಲ್ಲಿ ಕಾಂಕ್ರೀಟು, ಸ್ಟೀಲು ಕಚ್ಚಿ ಕೀಳತ್ತೆ, ನೀರಿನ ಮಂಜು ಹೊಡೆದು ಧೂಳು ಕೂರಿಸ್ತಾರೆ, ಅಂಟು ದ್ರವ ಸಿಂಪಡಿಸ್ತಾರೆ. ಗಾಳಿಯಲ್ಲಿ ಧೂಳು ಎಷ್ಟು ದೂರ ಹೋಗಬಹುದು ಅಂತ ಕಂಪ್ಯೂಟರ್ ಮಾಡೆಲಲ್ಲಿ ಲೆಕ್ಕ ಹಾಕಿ, ಅದರ ಪ್ರಕಾರ ನೆಲದ ಮೇಲೆ ಹಗ್ಗ ಕಟ್ಟಿ ಗಡಿ ಮಾಡಿದ್ರು. ಗಡಿ ಒಳಗಿದ್ರೆ ಸೂಟು ಮಾಸ್ಕು, ಗಡಿ ಹೊರಗೆ ಮಾಮೂಲಿ ಬಟ್ಟೆ, ಪಾರ್ಕಿಂಗು, ಆಫೀಸ್ ಟ್ರೈಲರ್‌ಗಳು.

ಗ್ಲೋವ್ ಬಾಕ್ಸ್ ಬಗ್ಗೆ ಹೇಳಿದ ಮಾತು ಇಲ್ಲಿಗೆ ಬರತ್ತೆ. ಒಳಗಿದ್ದಾಗ ಸ್ಟೀಲ್ ಪೆಟ್ಟಿಗೆ ಒಂದು ಗೋಡೆ, ರೂಮ್ ಇನ್ನೊಂದು ಗೋಡೆ, ಕಟ್ಟಡ ಮೂರನೇ ಗೋಡೆ, ಮೂರರಲ್ಲೂ ಗಾಳಿ ಒಳಮುಖ. ಹೊರಗೆ ಬಂದ್ಮೇಲೆ ಮೂರೂ ಇಲ್ಲ, ಇರೋದು ಒಂದು ಹಗ್ಗ. ಹಗ್ಗ ಧೂಳನ್ನ ತಡೆಯಲ್ಲ, ಜನರನ್ನ ತಡೆಯತ್ತೆ ಅಷ್ಟೇ. ಅಂದ್ಮೇಲೆ ಧೂಳು ಎಲ್ಲಿದೆ ಅನ್ನೋದಕ್ಕೆ ತಕ್ಕ ಹಾಗೆ ಆ ಹಗ್ಗ ದಿನದಿನಾ ಜರುಗ್ತಾ ಇರಬೇಕಿತ್ತು.

2017ರ ಜೂನ್ 8ರಂದು ಮೊದಲ ಎಚ್ಚರಿಕೆ ಬಂತು. ಗಾಳಿ ಅಳೆಯೋ ಯಂತ್ರಗಳು ಕೂಗಿಕೊಂಡ್ವು, ಸುಮಾರು 350 ಜನರಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಅಂತ ಆದೇಶ ಆಯ್ತು. ಆಮೇಲೆ ಮಾಡಿದ ಮಲ ಮೂತ್ರ ಪರೀಕ್ಷೆಯಲ್ಲಿ 31 ಜನರ ಮೈಯೊಳಗೆ ಕಣ ಹೋಗಿರೋದು ಪತ್ತೆಯಾಯ್ತು. ಪ್ರಮಾಣ ತೀರಾ ಕಮ್ಮಿ, ಸುಧಾರಣೆ ಮಾಡ್ಕೊಂಡು ಕೆಲಸ ಮುಂದುವರೀತು. ಸೆಪ್ಟೆಂಬರ್ ಹೊತ್ತಿಗೆ ನೆಲಸಮ ಮಾಡಬೇಕು ಅನ್ನೋ ಗಡುವು ಬೇರೆ ಇತ್ತು, ಗಡುವು ದಾಟಿತು. ಡಿಸೆಂಬರಲ್ಲಿ ಆ ಘಟಕದ ಕೊನೆಯ ಭಾಗ ಕೆಡವ್ತಿದ್ದಾಗ ಗಡಿಯ ಹೊರಗೆ ಕಣ ಸಿಗೋಕೆ ಶುರುವಾಯ್ತು, ಒಂದು ಕಡೆ ಹುಡುಕಿದ್ರೆ ಅದರಾಚೆ ಇನ್ನೊಂದು ಕಡೆ, ಟ್ರೈಲರ್ ಹತ್ರ, ಗಾಡಿಗಳ ಮೇಲೆ. 17ರ ಹೊತ್ತಿಗೆ ಕೆಲಸ ಪೂರ್ತಿ ನಿಂತಿತು. ಈ ಸಲ ಮೈಯೊಳಗೆ ಕಣ ಹೋದದ್ದು 11 ಜನರಿಗೆ. ಒಟ್ಟು 42. ಜನವರಿಯಲ್ಲಿ ರಾಜ್ಯದ ನಿಯಂತ್ರಕರು ನಮ್ಮ ಒಪ್ಪಿಗೆ ಇಲ್ದೆ ಕೆಡವೋ ಕೆಲಸ ಮತ್ತೆ ಶುರು ಮಾಡೋ ಹಾಗಿಲ್ಲ ಅಂತ ಪತ್ರ ಬರೆದ್ರು.

ಯಾಕೆ ಹೀಗಾಯ್ತು ಅನ್ನೋದಕ್ಕೆ ಬಂದ ಕಾರಣಗಳಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮೂರು ನಾಲ್ಕು, ಅದರಲ್ಲೂ ಒಂದರ ಮೇಲೆ ಜಾಸ್ತಿ ಹೇಳ್ತೀನಿ. ಕೆಡವಿದ ಅವಶೇಷವನ್ನ ಆಗಿಂದಾಗಲೇ ತುಂಬಿ ಸಾಗಿಸದೆ ರಾಶಿ ಬೆಳೆಯೋಕೆ ಬಿಟ್ರು. ರಾಶಿ ಅಂದ್ರೆ ಮಷಿನ್ನು ಅದರ ಮೇಲೆ ಓಡಾಡತ್ತೆ, ಅಂಟು ದ್ರವದ ಪದರ ಒಡೆಯತ್ತೆ, ರಾತ್ರಿ ಗಾಳಿ ಬೀಸತ್ತೆ, ಅಂಟು ಹೊಡೆದದ್ದು ಮೇಲ್ಮೈಗೆ, ಮಷಿನ್ ಕಚ್ಚಿದಾಗ ತೆರೆದುಕೊಳ್ಳೋದು ಹೊಸ ಮೇಲ್ಮೈ. ಕೆಡವೋ ವೇಗಾನೂ ಜಾಸ್ತಿ ಮಾಡಿದ್ರು. ಹಾಕಿದ ಗಡಿ ಸಾಲದು ಅಂತ ಜೂನ್ ಘಟನೆ ಕಲಿಸಿದ ಪಾಠವನ್ನ ಪೂರ್ತಿ ಎತ್ತಿಕೊಳ್ಳಲಿಲ್ಲ.

ಜಾಸ್ತಿ ಹೇಳ್ಬೇಕಾದ್ದು ಗಾಳಿ ಅಳತೆಯ ಬಗ್ಗೆ. ಕೆಲಸಗಾರನ ಸೊಂಟಕ್ಕೆ ಒಂದು ಚಿಕ್ಕ ಪಂಪು ಕಟ್ಟಿರ್ತಾರೆ, ಅದು ದಿನವಿಡೀ ಗಾಳಿನ ಕಾಲರ್ ಹತ್ರ ಸಿಕ್ಕಿಸಿರೋ ಒಂದು ಬಿಲ್ಲೆಯಷ್ಟು ಫಿಲ್ಟರ್ ಕಾಗದದ ಮೂಲಕ ಎಳೀತಾ ಇರತ್ತೆ, ಸಂಜೆ ಆ ಕಾಗದವನ್ನ ಎಣಿಕೆ ಯಂತ್ರಕ್ಕೆ ಕೊಡ್ತಾರೆ. ತೊಂದರೆ ಏನಂದ್ರೆ, ನೆಲದಿಂದ ಸಹಜವಾಗಿ ಬರೋ ರೇಡಾನ್ ಅನ್ನೋ ವಿಕಿರಣ ಅನಿಲ ಒಡೆದು ಹುಟ್ಟೋ ಮರಿ ಕಣಗಳೂ ಅದೇ ಕಾಗದಕ್ಕೆ ಅಂಟ್ತವೆ, ಅವೂ ಆಲ್ಫಾನೇ ಉಗುಳೋದು. ತಕ್ಷಣ ಎಣಿಸಿದ್ರೆ ಎಲ್ಲರ ಕಾಗದಾನೂ ಬಿಸಿ ಕಾಣತ್ತೆ. ಅದಕ್ಕೆ ರೇಡಾನ್ ಮರಿಗಳು ತಾವಾಗೇ ಸತ್ತುಹೋಗಲಿ ಅಂತ ದಿನಗಟ್ಟಲೆ ಕಾದು ಮತ್ತೆ ಎಣಿಸ್ತಾರೆ, ಆಮೇಲೂ ಉಳಿದದ್ದು ಪ್ಲುಟೋನಿಯಂ ಅಥವಾ ಅಮೆರಿಸಿಯಂ. ವಿಜ್ಞಾನ ಸರಿಯಾಗೇ ಇದೆ. ಆದ್ರೆ ಸೋಮವಾರ ಉಸಿರಾಡಿದ ಗಾಳಿಯ ಸುದ್ದಿ ಗುರುವಾರವೋ ಶುಕ್ರವಾರವೋ ಬರತ್ತೆ, ನಡುವಿನ ದಿನಗಳಲ್ಲಿ ಅದೇ ಜಾಗದಲ್ಲಿ ಅದೇ ಮಾಮೂಲಿ ಬಟ್ಟೆಯಲ್ಲಿ ಜನ ಕೆಲಸ ಮಾಡ್ತಾನೇ ಇರ್ತಾರೆ. ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನೊಂದು, ಮಾಡೆಲಲ್ಲಿ ಧೂಳು ಹೊಗೆಯ ಹಾಗೆ ಒಂದೇ ಸಮ ಹರಡಿ ತೆಳುವಾಗ್ತಾ ಹೋಗತ್ತೆ. ನಿಜದಲ್ಲಿ ಹಾರಿದ್ದು ಬಿಡಿಬಿಡಿ ಕಣ. ಒಂದು ಕಣ ಇಲ್ಲಿ, ಮೂವತ್ತು ಹೆಜ್ಜೆ ಆಚೆ ಇನ್ನೊಂದು, ನಡುವೆ ಏನೂ ಇಲ್ಲ. ಗಾಳಿ ಎಳೆಯೋ ಯಂತ್ರದ ಪಕ್ಕದಲ್ಲೇ ಕಣ ಹಾದುಹೋದ್ರೂ ಯಂತ್ರಕ್ಕೆ ಸಿಗದೇ ಇರಬಹುದು, ಯಂತ್ರ ಸುಮ್ಮನಿದೆ ಅಂದ್ರೆ ಕಣ ಇಲ್ಲ ಅಂತ ಅಲ್ಲ. ನೆಲದ ಮೇಲೆ ಚಪ್ಪಟೆ ತಟ್ಟೆಗಳನ್ನ ಇಟ್ಟು, ಅದರ ಮೇಲೆ ಏನು ಬಿತ್ತು ಅಂತ ಮೀಟರ್ ಹಿಡಿದು ನೋಡೋ ಕ್ರಮ ಇದೆ, ಬಿಸ್ಕೆಟ್ ಬೇಯಿಸೋ ತಟ್ಟೆಯ ಹೆಸರನ್ನೇ ಅಲ್ಲಿನೋರು ಅದಕ್ಕೆ ಇಟ್ಟಿದ್ದಾರೆ. ಅಷ್ಟು ಸರಳ ಸಾಧನ, ಆದ್ರೆ ಅವತ್ತಿನ ಉತ್ತರ ಅವತ್ತೇ ಕೊಡತ್ತೆ. ನನ್ನ ಅಭಿಪ್ರಾಯದಲ್ಲಿ ಇಂಥ ತಟ್ಟೆ ನೂರು ಹೆಚ್ಚಿಗೆ ಇಡೋದು ಒಂದು ಒಳ್ಳೆ ಮಾಡೆಲ್‌ಗಿಂತ ಮೇಲು.

ಡೋಸ್, ಅಂದ್ರೆ ಮೈಗೆ ತಗುಲಿದ ವಿಕಿರಣದ ಪ್ರಮಾಣ, ಎಷ್ಟಾಯ್ತು ಅನ್ನೋ ಪ್ರಶ್ನೆ ಇದ್ದೇ ಇದೆ, ಅದನ್ನ ಮಿಲಿರೆಮ್ ಅನ್ನೋ ಮಾನದಲ್ಲಿ ಅಳೀತಾರೆ. ಅಮೆರಿಕದಲ್ಲಿ ವಿಕಿರಣ ಕೆಲಸಗಾರನಿಗೆ ವರ್ಷಕ್ಕೆ 5,000 ಮಿಲಿರೆಮ್ ಮಿತಿ, ಅಂದ್ರೆ 50 ಮಿಲಿಸೀವರ್ಟ್. ಆ 42 ಜನರಲ್ಲಿ ಯಾರದ್ದೂ ಇದರ ಹತ್ತಿರಕ್ಕೂ ಬರಲಿಲ್ಲ. ಅದನ್ನ ನಾನು ಮುಚ್ಚಿಡಲ್ಲ, ಹೆದರಿಸೋಕೆ ಬರೀತಿಲ್ಲ. ಆದ್ರೆ "ಕಮ್ಮಿ ಡೋಸ್ ಬಿಡಿ" ಅಂತ ಒಂದು ಮಾತಲ್ಲಿ ಮುಗಿಸೋದು ನನಗೆ ಒಪ್ಪಿಗೆ ಇಲ್ಲ. ಆ ಜನ ನಾವು ಗಡಿಯ ಹೊರಗಿದ್ದೀವಿ, ಇಲ್ಲಿ ಮಾಸ್ಕ್ ಬೇಡ ಅಂತ ಹೇಳಿದ್ದನ್ನ ನಂಬಿ ನಿಂತಿದ್ರು. ಆಲ್ಫಾ ಮೈಯೊಳಗಿಂದ ಹೊರಗೆ ಬರಲ್ಲ, ಹೊರಗಿಂದ ಮೀಟರ್ ಹಿಡಿದು ನೋಡೋಕೆ ಆಗಲ್ಲ, ಅಮೆರಿಸಿಯಂನ ಮಂದ ಗಾಮಾ ಜಾಸ್ತಿ ಪ್ರಮಾಣದಲ್ಲಿದ್ರೆ ಮಾತ್ರ ಎದೆ ಸ್ಕ್ಯಾನಲ್ಲಿ ಸಿಗತ್ತೆ. ಹಾಗಾಗಿ ಮಲ ಮೂತ್ರದ ಕಿಟ್ ಮನೆಗೆ ತಗೊಂಡು ಹೋಗಿ, ತುಂಬಿ ಕಳಿಸಿ, ವಾರಗಟ್ಟಲೆ ಫಲಿತಾಂಶಕ್ಕೆ ಕಾಯಬೇಕು. ಆ ಡಬ್ಬನ ಮನೆ ಬಾತ್‌ರೂಮಲ್ಲಿ ಹೆಂಡತಿ ಮಕ್ಕಳು ನೋಡೋ ಹಾಗೆ ಇಟ್ಟುಕೊಂಡು ಕಾಯೋ ಆ ವಾರಗಳನ್ನ ಯಾವ ಮಿಲಿರೆಮ್ಮೂ ಅಳೆಯಲ್ಲ.

ಆಮೇಲೆ ಬದಲಾದದ್ದು ಹೆಚ್ಚುಕಮ್ಮಿ ಇಷ್ಟು: ಗಡಿಯನ್ನ ದೂರಕ್ಕೆ ಸರಿಸಿದ್ರು, ಮಾಸ್ಕ್ ಹಾಕೋ ವಲಯ ದೊಡ್ಡದಾಯ್ತು, ಜನರನ್ನ ಹತ್ತಿರದ ಟ್ರೈಲರ್‌ಗಳಿಂದ ಬೇರೆ ಕಡೆ ಕಳಿಸಿದ್ರು, ಗಾಳಿ ಯಂತ್ರಗಳೂ ನೆಲದ ತಟ್ಟೆಗಳೂ ಜಾಸ್ತಿಯಾದ್ವು, ಅಂಟು ದ್ರವ ಹೆಚ್ಚು ಹೊಡೆಯೋದು, ಕೆಡವಿದ್ದನ್ನ ರಾಶಿ ಹಾಕದೆ ತುಂಬಿ ಕಳಿಸೋದು. 2018ರ ಸೆಪ್ಟೆಂಬರಲ್ಲಿ ಮೊದಲು ಅಪಾಯ ಕಮ್ಮಿ ಇರೋ ಭಾಗದಿಂದ ಕೆಲಸ ಮತ್ತೆ ಶುರುವಾಯ್ತು, ಅದು ಸರಿಯಾಗಿ ನಡೆದದ್ದನ್ನ ನೋಡಿಕೊಂಡು 2019ರಲ್ಲಿ ಜಾಸ್ತಿ ಅಪಾಯದ ಭಾಗಕ್ಕೆ ಹೋದ್ರು. ಈ ಕ್ರಮ ನನಗೆ ತುಂಬ ಹಿಡಿಸಿತು, ಯಾಕಂದ್ರೆ ಹೊಸ ಗಡಿ ಹಿಡಿದುಕೊಳ್ಳತ್ತಾ ಇಲ್ವಾ ಅನ್ನೋದನ್ನ ಸಣ್ಣ ಧೂಳಲ್ಲಿ ಪರೀಕ್ಷೆ ಮಾಡಿ ಆಮೇಲೆ ದೊಡ್ಡ ಧೂಳಿಗೆ ಕೈ ಹಾಕಿದ್ರು.

2020ರ ಫೆಬ್ರವರಿಯಲ್ಲಿ ಮುಖ್ಯ ಕಟ್ಟಡದ ಕೊನೆಯ ಭಾಗ ಬಿತ್ತು, ಅವಶೇಷ ಸಾಗಿಸೋ ಕೆಲಸ ಅದಾದ್ಮೇಲೂ ನಡೀತು. ಮೆಕ್ಲಸ್ಕಿ ರೂಮ್ ಇದ್ದ ವಿಭಾಗ 2017ರಲ್ಲೇ ನೆಲಸಮ ಆಗಿತ್ತು. ಅದನ್ನ ಖಾಲಿ ಮಾಡಿದವರಲ್ಲಿ ಒಬ್ಬ ಹೊರಗೆ ಬರ್ತಾ ಮ್ಯಾಟ್ ಮೇಲೆ ಒಂದು ಕಾಲಿಟ್ಟು ಇನ್ನೊಂದು ಕಾಲು ಎತ್ತಿ ಹಿಡಿದು ನಿಂತಿರೋದನ್ನ, ಪಕ್ಕದವನು ಅವನ ಪಾದದ ತಳಕ್ಕೆ ಮೀಟರ್ ಹಿಡಿದು ನಿಧಾನಕ್ಕೆ ಸರಿಸ್ತಿರೋದನ್ನ ಮನಸ್ಸಲ್ಲಿ ತಂದುಕೊಳ್ಳಿ. ಡಿಸೆಂಬರಿನ ಆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಟೈರಿಗೂ ಕೊನೆಗೆ ಅದನ್ನೇ ಮಾಡಿದ್ರು.